ಎಡಗಣ್ಣಿನ ತಾರೀಕು

ಫೆಬ್ರವರಿ 10, ಸೋಮವಾರ

ಇವತ್ತೂ ಮೀಸೆ. ನಾಟಕ ಕಂಪನಿಯ ಆರ್ಡರು — ಒಂದೇ ಅಚ್ಚಿನ ಸಿಪಾಯಿ ಮೀಸೆಗಳು. ಕೊನೆಯದು ಎಡಕ್ಕೆ ಸ್ವಲ್ಪ ಇಳಿದಿದೆ. ಬಿಚ್ಚಲಿಲ್ಲ. ಅಷ್ಟು ಸಿಪಾಯಿಗಳಲ್ಲಿ ಒಬ್ಬನಿಗಾದರೂ ಮನೆಯ ಚಿಂತೆ ಇರಬೇಡವೇ.

ಮುಗಿಸಿ ಎದ್ದೆ. ಕನ್ನಡಕ ಇಲ್ಲ. ಕೆಲಸಕ್ಕೆ ಕೂರುವಾಗ ತೆಗೆದಿಡುತ್ತೇನೆ, ಎಲ್ಲಿಟ್ಟೆ ಅನ್ನುವುದನ್ನು ಮರೆಯುತ್ತೇನೆ. ಕನ್ನಡಕ ಹುಡುಕಲು ಕನ್ನಡಕ ಬೇಕು. ಮೇಜಿನ ಮೇಲೆಲ್ಲ ಕೈಯಾಡಿಸಿದೆ — ಮರದ ತಲೆಯೊಂದರ ಮೂಗು, ಇನ್ನೊಂದರ ಕಿವಿ, ಅಂಟಿನ ಡಬ್ಬಿ. ಕೊನೆಗೆ ಸಿಕ್ಕಿತು. ಕಾಲಡಿಯಲ್ಲಿ, ಕಟಕ್ ಅಂದ ಮೇಲೆ.

ಅಮ್ಮಾವ್ರು ಬಸ್ ಸ್ಟಾಪಿನವರೆಗೆ ಕೈ ಹಿಡಿದು ಬಿಟ್ಟು ಹೋದರು. ಅಂಗಡಿಯ ಒಡತಿ, ನನಗೆ ವಿಗ್ ಕಟ್ಟಲು ಕಲಿಸಿದವರು, ಈಗ ಕೈ ಹಿಡಿದು ನಡೆಸುವ ಕೆಲಸವೂ ಅವರದೇ. ಅಲ್ಲಿಂದ ಇವರು ಬಂದು ಕರೆದೊಯ್ಯಬೇಕು. ಬಂದರು ಅಂದುಕೊಂಡು ತೋಳು ಹಿಡಿದೆ. "ಎಷ್ಟೊತ್ರೀ ಕಾಯೋದು?" ಅಂತ ಗದರಿಯೂ ಬಿಟ್ಟೆ. "ಸಾರಿ ಮೇಡಂ," ಅಂದಿತು ಗುರುತಿಲ್ಲದ ದನಿ. ಪಾಪ, ಯಾರ ಗಂಡನೋ.

ಇವರು ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಒಡೆದ ಕನ್ನಡಕ ತೆಗೆದು ಮುಂದಿಟ್ಟುಕೊಂಡೆ. ಒಂದು ಗಾಜು ಒಡೆದರೆ ಕಟ್ಟಿಕೊಂಡ ಗಂಡ ಯಾರೆಂದು ತಿಳಿಯದ ಬಾಳು. ಶಾಲೆಯಲ್ಲಿ ಸೋಡಾಬುಡ್ಡಿ ಅನ್ನುತ್ತಿದ್ದರು. ಆಗ ಅಳು ಬರುತ್ತಿತ್ತು. ಈಗ ಭಯ.

ಹಳೇ ನಂಬರಿನ ಕನ್ನಡಕ ಹಾಕಿ ಬರೆಯುತ್ತಿದ್ದೇನೆ. ಸುಳ್ಳು. ತೆಗೆದಿಟ್ಟು, ಮೂಗು ಹಾಳೆಗೆ ತಾಗಿಸಿ ಬರೆಯುತ್ತಿದ್ದೇನೆ. ಹೀಗೇ ಚೆನ್ನಾಗಿ ಕಾಣುತ್ತದೆ.

ಫೆಬ್ರವರಿ 12, ಬುಧವಾರ

ಅಕ್ಕ ಕೇಳಲಿಲ್ಲ, ಎಳೆದುಕೊಂಡೇ ಹೋದಳು. ಅವಳು ಕಣ್ಣಿನ ಲೆನ್ಸ್ ಬದಲಾಯಿಸಿಕೊಂಡ ಮೇಲೆ ಲೋಕದಲ್ಲಿ ಇನ್ನು ಯಾರೂ ಕನ್ನಡಕ ಹಾಕುವಂತಿಲ್ಲ. ದಾರಿಯುದ್ದಕ್ಕೂ ಬಸ್ ನಂಬರು ಓದಿ ಓದಿ ತೋರಿಸಿದಳು, ಅವಳೇ ಬರೆದ ಹಾಗೆ.

ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಗಲ್ಲ ಕೊಟ್ಟು ಕೂತೆ. ಒಳಗೆ ಒಂದು ಉದ್ದ ರಸ್ತೆ, ತುದಿಯಲ್ಲಿ ಬಲೂನು. ಅದನ್ನೇ ನೋಡಿ ಅಂದರು. ನೋಡಿದೆ. ನಂಬರು ನೋಡಿ ಟೆಸ್ಟ್ ಮಾಡುವ ಹುಡುಗಿಯೇ ಹುಬ್ಬೇರಿಸಿದಳು. ಮೈನಸ್ ಹದಿಮೂರು.

ಆಮೇಲೆ ಡಾಕ್ಟರು. ಮೆತ್ತನೆಯ ಮಾತು. ಕನ್ನಡಕ ತೆಗೆಯಿರಿ ಅಂದರು. ಸಣ್ಣ ಟಾರ್ಚು ಹಿಡಿದು ನನ್ನ ಕಣ್ಣೊಳಗೆ ಇಣುಕಲು ತೀರ ಹತ್ತಿರ ಬಗ್ಗಿದರು. ಅವರ ಹಣೆ ನನ್ನ ಮುಖಕ್ಕೆ ನಾಲ್ಕು ಬೆರಳು ದೂರ. ಅಂದರೆ ನನಗೆ ಲೋಕ ಸ್ಪಷ್ಟವಾಗಿ ಕಾಣುವ ಜಾಗ. ನೋಡಿದೆ...

ಅವರ ಹಣೆಯ ಮೇಲಿನ ಕೂದಲು ನಾನು ಕಟ್ಟಿದ್ದು.

ಅನುಮಾನವೇ ಇಲ್ಲ. ಎಡಗಡೆ ಸಣ್ಣ ಸುಳಿ. ಪಕ್ಕದಲ್ಲಿ ಎರಡು ಬಿಳಿ ಕೂದಲು — ಯಾರೂ ಹೇಳಿರಲಿಲ್ಲ, ನಿಜ ಅನ್ನಿಸಲಿ ಅಂತ ನಾನೇ ಸೇರಿಸಿದ್ದು. ನಾನು ಗಿರಾಕಿಗಳ ಮುಖ ನೋಡುವುದಿಲ್ಲ. ಅಳತೆ, ಅಳವಡಿಕೆ ಎಲ್ಲ ಅಮ್ಮಾವ್ರದು. ನನಗೆ ಒಳಕೋಣೆಯಲ್ಲಿ ವಿಗ್ಗಿನ ಅಡಿಯ ಜಾಲರಿ, ಕೊಕ್ಕೆಸೂಜಿ, ಒಂದೊಂದೇ ಕೂದಲು.

ಆಗ ಡಾಕ್ಟರು ಕೇಳಿದರು: "ಏನು ಕೆಲಸ ಮಾಡ್ತೀರಮ್ಮ?"

ಅಂಗಡಿಗೆ ಸೇರಿದ ಮೊದಲ ದಿನವೇ ಅಮ್ಮಾವ್ರು ಹೇಳಿದ್ದರು — ಹೊರಗೆ ಗಿರಾಕಿಯ ಗುರುತು ಹಿಡಿಯಬಾರದು, ನಿನ್ನ ಗುರುತು ಅವರಿಗೆ ಸಿಗಬಾರದು. ನಮ್ಮ ಬೋರ್ಡಿನ ಮೇಲೆ ವಿಗ್ ಅಂತ ಕೂಡ ಇಲ್ಲ. ಅಕ್ಕ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟೆ: "ಅಂಗಡೀಲಿ ಸರ್. ಬಿಲ್ ಹಾಕ್ತೀನಿ."

"ತುಂಬ ಹತ್ತಿರದ ಕೆಲಸ ಏನಾದ್ರೂ?"

"ಏನಿಲ್ಲ ಸರ್."

"ಹಾಗಿದ್ರೆ ಒಳ್ಳೇದಾಯ್ತು. ನಿಮಗೆ ಲೇಸರ್ ಆಗಲ್ಲ, ಕಾರ್ನಿಯಾ ತೆಳು. ಕಣ್ಣೊಳಗಿನ ಲೆನ್ಸೇ ತೆಗೆದು ಬೇರೆ ಇಡೋಣ. ದೂರಕ್ಕೆ ಸೆಟ್ ಮಾಡ್ತೀನಿ. ಓದೋಕೆ, ಬಿಲ್ ನೋಡೋಕೆ ಒಂದು ಸಣ್ಣ ಕನ್ನಡಕ."

ಅಕ್ಕ ಹೊರಗೆ ಬಂದು, "ಏನೇ ನೀನು ಬಿಲ್ ಹಾಕೋದು?" ಅಂದಳು. "ಸುಮ್ನಿರು, ಅಂಗಡಿ ವಿಷಯ," ಅಂದೆ. ಅವಳಿಗೂ ಹೇಳಲಿಲ್ಲ.

ಫೆಬ್ರವರಿ 14, ಶುಕ್ರವಾರ. ಬೆಳಗ್ಗೆ

ಮುಂದಿನ ಶುಕ್ರವಾರ ಬಲಗಣ್ಣು. ಎರಡು ವಾರ ಬಿಟ್ಟು, ಮಾರ್ಚ್ 7ಕ್ಕೆ, ಎಡಗಣ್ಣು. ಸಹಿ ಹಾಕುವ ಕಾಗದದಲ್ಲಿ ಏನೇನೋ ಇತ್ತು. ಸೋಂಕು. ಕಣ್ಣಿನ ಹಿಂದಿನ ಪರದೆ ಕಳಚುವುದು — ಹೆಚ್ಚು ನಂಬರಿನವರಿಗೆ ಆ ಅಪಾಯ ಸ್ವಲ್ಪ ಜಾಸ್ತಿಯಂತೆ. ಮಿಂಚು ಕಂಡರೆ, ಕಪ್ಪು ಪರದೆ ಇಳಿದಂತಾದರೆ ತಕ್ಷಣ ಬನ್ನಿ ಅಂದಿದ್ದಾರೆ. ಇನ್ನೂ ಆಪರೇಷನ್ನೇ ಆಗಿಲ್ಲ, ನನಗೆ ಈಗಲೇ ಮಿಂಚು ಕಾಣುತ್ತಿದೆ.

ಇವರಿಗೆ ಹೇಳಿದೆ. ಇವರು ಲಿಫ್ಟ್ ರಿಪೇರಿಯವರು. "ಪಾರ್ಟ್ ಹೋದ್ರೆ ಬದಲಾಯಿಸ್ಬೇಕು, ಅಷ್ಟೆ," ಅಂದರು. ನನ್ನ ಪಾರ್ಟ್ ಹೋಗಿಲ್ಲವಲ್ಲ? ಅದೇ ಸಮಸ್ಯೆ. ಇದ್ದದ್ದನ್ನು ತೆಗೆಸುತ್ತಿದ್ದೇನೆ.

ಫೆಬ್ರವರಿ 21, ಶುಕ್ರವಾರ. 6:30

ಹೊರಡಬೇಕು. ತಲೆಗೆ ಸ್ನಾನ ಮಾಡಿ ಬನ್ನಿ ಅಂದಿದ್ದಾರೆ. ಮಾಡಿದೆ. ಇವರು ಶೂ ಕಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಬೀಗದ ಕೈ ಆಡಿಸುತ್ತ. ಆ ಸದ್ದಿಗೆ ಸಿಟ್ಟು ಬರುತ್ತಿದೆ...

ಫೆಬ್ರವರಿ 22, ಶನಿವಾರ

ಕಾಣುತ್ತದೆ!

ಪಟ್ಟಿ ತೆಗೆದರು. ಗೋಡೆಯ ಗಡಿಯಾರ, ಮುಳ್ಳು, ಅದರ ಕೆಳಗೆ ಕಂಪನಿಯ ಹೆಸರು. ಕಿಟಕಿಯಾಚೆ ಮರ — ಹಸಿರು ಮುದ್ದೆಯಲ್ಲ, ಎಲೆ ಎಲೆ. ಮನೆಗೆ ಬಂದು ಹಾಸಿಗೆಯಲ್ಲಿ ಒರಗಿದ ತಕ್ಷಣ ಫ್ಯಾನಿನ ರೆಕ್ಕೆಯ ಧೂಳು ಕಂಡಿತು. ಅದನ್ನು ನೋಡಿ ಖುಷಿಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ಇವರ ಕಿವಿಯಲ್ಲಿ ಇಷ್ಟು ಕೂದಲಿದೆ ಅಂತ ಯಾರೂ ಹೇಳಿರಲಿಲ್ಲ. "ಅಂಗಡಿಗೆ ಕೊಡ್ತೀರಾ? ಎರಡು ಮೀಸೆ ಆಗುತ್ತೆ," ಅಂದೆ. ಸುಖವಾಗಿ ನಕ್ಕೆವು.

ಡಾಕ್ಟರಿಗೆ ಕೈ ಮುಗಿಯಬೇಕು ಅನ್ನಿಸಿತು. ಟೋಪಿ ಹಾಕಿದ್ದರು. ಒಳಗೆ ನನ್ನ ಕೂದಲು ಬೆವರುತ್ತಿರಬಹುದು.

ಫೆಬ್ರವರಿ 26, ಬುಧವಾರ

ಹಳೇ ಕನ್ನಡಕದ ಬಲಗಾಜು ತೆಗೆಸಿ ಹಾಕಿ ನೋಡಿದೆ. ಬಲಗಣ್ಣಿಗೆ ಬಾಗಿಲು ದೊಡ್ಡದು, ಎಡಗಣ್ಣಿಗೆ ಸಣ್ಣದು. ಎರಡು ಬಾಗಿಲಿನ ನಡುವೆ ಗೋಡೆಗೆ ಭುಜ ಹೊಡೆದುಕೊಂಡೆ. ವಾಂತಿ ಬಂದ ಹಾಗಾಯಿತು. ತೆಗೆದಿಟ್ಟೆ. ಎರಡನೆಯದೂ ಆದರೆ ಸರಿಹೋಗುತ್ತದೆ ಅಂತಾರೆ.

ಒಂದು ವಾರ ಬಗ್ಗಿ ಕೆಲಸ ಮಾಡುವ ಹಾಗಿಲ್ಲ. ಕೈ ಕಡಿಯುತ್ತಿದೆ.

ಮಾರ್ಚ್ 3, ಸೋಮವಾರ



ಅಂಗಡಿಗೆ ಹೋದೆ. ಮರದ ತಲೆ ಎಳೆದುಕೊಂಡೆ. ಜಾಲರಿ ಸಿಕ್ಕಿಸಿದ್ದಾಗಿತ್ತು — ಹಣೆಯ ಸಾಲು ಕಟ್ಟಬೇಕು. ವಿಗ್ಗಿನಲ್ಲಿ ಅದೇ ಪ್ರಾಣ. ಹಿಂದೆ, ಮೇಲೆ ಯಾರಾದರೂ ಕಟ್ಟಬಹುದು. ಹಣೆಯ ಸಾಲಿನಲ್ಲಿ ಒಂದೊಂದೇ ಕೂದಲು, ಜಾಲರಿಯ ಒಂದೊಂದೇ ಕಣ್ಣಿಗೆ ಒಂದೊಂದೇ ಗಂಟು. ಅಂಗಡಿಯಲ್ಲಿ ಅದನ್ನು ಕಟ್ಟುವವಳು ನಾನೊಬ್ಬಳೇ. ಅಭ್ಯಾಸದಂತೆ ಬಗ್ಗಿದೆ, ನಾಲ್ಕು ಬೆರಳು ದೂರಕ್ಕೆ.

ಮಂಜು.

ಹಿಂದೆ ಸರಿದೆ. ಮಂಜು. ಇನ್ನೂ ಹಿಂದೆ. ಜಾಲರಿ ಕಂಡಿತು, ಜಾಲರಿಯ ಕಣ್ಣು ಕಾಣಲಿಲ್ಲ. ಕೂದಲು ಕಾಣಲಿಲ್ಲ. ಬೆರಳಲ್ಲಿ ಇದೆ, ಕಣ್ಣಿಗಿಲ್ಲ. ಆಸ್ಪತ್ರೆಯವರು ಕೊಟ್ಟ ಓದುವ ಕನ್ನಡಕ ಹಾಕಿದೆ — ಪೇಪರು ಓದಬಹುದು, ಕೂದಲು ಹಿಡಿಯಲಾಗದು. ಅಂಗಡಿಯ ಭೂತಗನ್ನಡಿ ಹಿಡಿದೆ. ಒಂದು ಕೈ ಅದಕ್ಕೇ ಹೋಯಿತು.

ಬಲಗಣ್ಣು ಮುಚ್ಚಿ ಮತ್ತೆ ಹತ್ತಿರ ಬಗ್ಗಿದೆ. ತಕ್ಷಣ ಎಲ್ಲ ಬಂತು! ಕೂದಲು, ಅದರ ಹೊಳಪು, ಸೂಜಿಯ ಕೊಕ್ಕೆ. ಎಡಗಣ್ಣು ಇನ್ನೂ ನನ್ನದೇ. ಅದರಲ್ಲೇ ಒಂದು ಸಾಲು ಕಟ್ಟಿದೆ. ಗಂಟುಗಳೆಲ್ಲ ಒಂದೇ ಕಡೆ ವಾಲಿದವು, ಗಾಳಿಗೆ ಸಿಕ್ಕ ಹಾಗೆ. ಆಗ ಗೊತ್ತಾಯಿತು — ಇಷ್ಟು ವರ್ಷ ಕೆಲಸ ಮಾಡಿದ್ದು ಬಲಗಣ್ಣು ಒಂದೇ. ಎಡದ್ದು ಸುಮ್ಮನೆ ಪಕ್ಕದಲ್ಲಿ ಕೂತಿತ್ತು.

ಕೆಲಸ ಬಲ್ಲ ಕಣ್ಣನ್ನು ತೆಗೆಸಿಕೊಂಡೆ. ಶುಕ್ರವಾರ ಉಳಿದದ್ದೂ ಹೋಗುತ್ತದೆ.

ಮಾರ್ಚ್ 4, ಮಂಗಳವಾರ

ಅಮ್ಮಾವ್ರು ನಿನ್ನೆಯ ಸಾಲನ್ನು ಬೆಳಕಿಗೆ ಹಿಡಿದು ನೋಡಿದರು. ಕೂತು, ಒಂದೊಂದೇ ಗಂಟು ಬಿಚ್ಚಿದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಮೆಲ್ಲಗೆ, "ಮೆಷಿನ್ ಪೀಸ್ ಬರುತ್ತಂತೆ ಈಗ. ಹಣೆ ಸಾಲು ರೆಡಿ. ಒಂದೆರಡು ತರಿಸಿ ನೋಡೋಣ ಬಿಡು," ಅಂದರು.

"ಆಯ್ತಮ್ಮ," ಅಂದೆ. ಬಚ್ಚಲಿಗೆ ಹೋಗಿ ಅತ್ತೆ. ಕಣ್ಣಿಗೆ ನೀರು ತಾಗಬಾರದು ಅಂದಿದ್ದಾರೆ. ಒಳಗಿನ ನೀರಿಗೆ ಏನು ಮಾಡುವುದು?

ಮಾರ್ಚ್ 5, ಬುಧವಾರ

ಆಸ್ಪತ್ರೆಗೆ ಫೋನು. ಹತ್ತಿರದ್ದು ಕಾಣುವುದಿಲ್ಲ ಅಂದೆ. ಹುಡುಗಿ ಕಂಪ್ಯೂಟರು ನೋಡಿ ಜೇನಿನಂಥ ದನಿಯಲ್ಲಿ, "ಬಿಲ್ಲಿಂಗ್ ಕೆಲಸ ಅಂತ ಇದೆ ಮೇಡಂ. ರೀಡಿಂಗ್ ಗ್ಲಾಸ್ ಸಾಕಾಗುತ್ತೆ. ಎರಡನೇ ಕಣ್ಣು ಆದ್ಮೇಲೆ ಎಲ್ಲ ಬ್ಯಾಲೆನ್ಸ್ ಆಗುತ್ತೆ," ಅಂದಳು. ನನ್ನ ಸುಳ್ಳು ನನಗೇ ವಾಪಸ್ ಬಂತು.

ಅಕ್ಕ: "ಬಿಟ್ಟಾಕೇ ಆ ಕೂದಲಿನ ಸಹವಾಸ. ಎರಡೂ ಮಾಡಿಸ್ಕೊಂಡು ಆರಾಮಾಗಿರು." ಅವಳಿಗೆ ನನ್ನ ಕೆಲಸ ಯಾವಾಗಲೂ ಧೂಳು ಗುಡಿಸಿದ ಹಾಗೆ.

ಇವರು: "ನಿಂಗೇನು ಅನ್ಸುತ್ತೆ?"

ನನಗೇನು ಅನ್ನಿಸುತ್ತದೆ ಅಂತ ಕೇಳಿದ್ದು ಇವರೊಬ್ಬರೇ. ಕೂದಲು ಕಟ್ಟದ ದಿನ ನಾನು ಏನು ಅಂತ ನನಗೇ ತಿಳಿಯದು. ಅಡುಗೆ ನನಗಿಂತ ಇವರೇ ಚೆನ್ನಾಗಿ ಮಾಡುತ್ತಾರೆ. ಕೈಯಲ್ಲಿ ಇದ್ದದ್ದು ಇದೊಂದು. ಹಾಗಂತ ಹೇಳಿದೆ.

"ಹಾಗಾದ್ರೆ ಡಾಕ್ಟರಿಗೆ ನಿಜ ಹೇಳು," ಅಂದರು.

ನಿಜ ಹೇಳುವುದು ಎಂದರೆ — ಸರ್, ನಿಮ್ಮ ತಲೆಯ ಮೇಲಿರುವುದು ನನಗೆ ಗೊತ್ತು. ಹೇಗೆ ಹೇಳುವುದು? ವಿಗ್ ಅಂಗಡಿ ಅಂದರೆ ಸಾಕು, ಅವರಿಗೆ ಗೊತ್ತಾಗುತ್ತದೆ. ಊರಲ್ಲಿ ಕೈಯಲ್ಲಿ ಕಟ್ಟುವ ಅಂಗಡಿ ನಮ್ಮದೊಂದೇ.

ಸಂಜೆ ಅಮ್ಮಾವ್ರನ್ನು, ಹೇಳಬಹುದೇ ಅಂತ ಕೇಳಿದೆ. ಯಾರು ಅಂತ ಹೇಳಲಿಲ್ಲ, "ಒಬ್ರು" ಅಂದೆ. ಅವರಿಗೆ ಹೊಳೆಯಿತು. ಬಹಳ ಹೊತ್ತು ಬಾಚಣಿಗೆಯ ಹಲ್ಲು ಎಣಿಸಿದರು.

"ಹೇಳ್ಬೇಡ ಅನ್ನೋದು ನನ್ನ ಬಾಯಿ. ನಿನ್ನ ಕಣ್ಣು ನಿಂದು," ಅಂದರು. "ಹೇಳಿದ್ರೆ... ಹೇಳ್ಬಿಟ್ಟೆ ಅಂತ ನಂಗೆ ಬಂದು ಹೇಳ್ಬೇಡ."

ಮಾರ್ಚ್ 6, ಗುರುವಾರ

ನಾಳೆಯ ಆಪರೇಷನ್ನಿಗೆ ಇವತ್ತು ಕೊನೆಯ ಚೆಕಪ್. ಇವರನ್ನು ಹೊರಗೆ ಕೂರಿಸಿದೆ.

ಡಾಕ್ಟರು ಬಲಗಣ್ಣು ನೋಡಿ, "ಫಸ್ಟ್ ಕ್ಲಾಸ್," ಅಂದರು. "ಸರ್, ನಾನು ಬಿಲ್ ಹಾಕಲ್ಲ," ಅಂದೆ.

"ಮತ್ತೆ?"

"ಕೂದಲು ಕಟ್ತೀನಿ."

ಅವರ ಕೈ ಹಣೆಗೆ ಹೋಗಲಿಲ್ಲ. ಹೋಗದ ಹಾಗೆ ಹಿಡಿದುಕೊಂಡದ್ದು ಕಂಡಿತು. ನರ್ಸ್ ಕಡೆ ತಿರುಗಿ, "ಆ ಫೈಲ್ ಸ್ವಲ್ಪ ಹುಡುಕಿ ತನ್ನಿ," ಅಂದರು. ಯಾವ ಫೈಲೂ ಬೇಕಾಗಿರಲಿಲ್ಲ. ಅವಳು ಹೋದಳು.

"ಮೊದಲ ದಿನಾನೇ ಗೊತ್ತಿತ್ತಾ?"

"ಹೂಂ ಸರ್. ಟಾರ್ಚ್ ಹಿಡಿದು ಬಗ್ಗಿದ್ರಲ್ಲ."

"ಅದಕ್ಕೇ ಹೇಳ್ಲಿಲ್ವಾ?"

ತಲೆ ತಗ್ಗಿಸಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಸಿಟ್ಟೋ, ನಾಚಿಕೆಯೋ ತಿಳಿಯಲಿಲ್ಲ. ಆಮೇಲೆ ಬರೀ ಡಾಕ್ಟರಾಗಿ ಕೇಳಿದರು: "ಎಷ್ಟು ಹತ್ತಿರ ಹಿಡೀತೀರಿ?"

ಬೆರಳು ಮಡಚಿ ತೋರಿಸಿದೆ. ನಂಬಲಿಲ್ಲ. "ಮಾಡಿ ತೋರಿಸಿ," ಅಂದರು. ಕೊಕ್ಕೆಸೂಜಿ ಬ್ಯಾಗಿನಲ್ಲಿತ್ತು, ಅದಿಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ. ಜಾಲರಿ ಇರಲಿಲ್ಲ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಕೊಟ್ಟರು, ಅದರ ಎಳೆ ಸರಿದು ಸರಿದು ಗಂಟು ನಿಲ್ಲಲಿಲ್ಲ. "ಇದರಲ್ಲಿ ಆಗಲ್ಲ ಸರ್. ಸರಿಯಾದ ಜಾಲರಿ ಬೇಕು."

ಅವರು ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿದರು. ನನಗೆ ಬೆನ್ನು ಮಾಡಿ ನಿಂತು, ಎರಡೂ ಕೈಯಿಂದ ತಲೆಯ ಮೇಲಿನದನ್ನು ತೆಗೆದು, ತಿರುಗದೆಯೇ ಹಿಂದಕ್ಕೆ ಚಾಚಿದರು.

ಬಿಸಿಯಾಗಿತ್ತು. ಗಂಡಸಿನ ಬೋಳುತಲೆ ಎಷ್ಟೋ ನೋಡಿದ್ದೇನೆ, ಎಲ್ಲ ಮರದ್ದು. ಅವರನ್ನು ನೋಡಲಿಲ್ಲ. ನನ್ನ ಜಡೆಯಿಂದ ಒಂದು ಕೂದಲು ಕಿತ್ತೆ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ತಂದುಕೊಂಡು, ಸುಳಿಯ ಪಕ್ಕದಲ್ಲಿ ಒಂದು ಗಂಟು. ಮೊದಲ ಸಲ ತಪ್ಪಿತು. ಮತ್ತೆ ತಪ್ಪಿತು. ಆಮೇಲೆ ಬಿತ್ತು, ನೆಟ್ಟಗೆ.

ಅವರು ಯಾವಾಗ ತಿರುಗಿದ್ದರೋ. ಪಕ್ಕದಲ್ಲಿ ಬಗ್ಗಿ, ವಿಗ್ಗನ್ನಲ್ಲ, ನನ್ನ ಕಣ್ಣನ್ನು ನೋಡುತ್ತಿದ್ದರು.

"ಬಲಗಣ್ಣಿಗೆ ಹಳೇದು ವಾಪಸ್ ಬರುತ್ತಾ ಸರ್?"

"ಇಲ್ಲಮ್ಮ."

ಅಳು ತಡೆಯಲಾಗಲಿಲ್ಲ. ಅವರು ನೀರು ಕೊಟ್ಟರು. ತಲೆ ಹಾಗೇ ಬೋಳಾಗಿತ್ತು, ಮರೆತೇ ಹೋಗಿತ್ತು ಅವರಿಗೆ. ಎಡಗಣ್ಣಿಗೆ ಹತ್ತಿರದ ಲೆನ್ಸ್ ಇಡಬಹುದಂತೆ, ಆದರೆ ಒಂದು ಗೇಣಿಗಿಂತ ಹತ್ತಿರದ್ದು ಕಾಣದು. ಮುಟ್ಟದೆ ಬಿಟ್ಟರೆ ಕೆಲಸದ ಕಣ್ಣು ಉಳಿಯುತ್ತದೆ, ಆದರೆ ಒಂದು ದೂರದ್ದು, ಒಂದು ಹತ್ತಿರದ್ದು — ಎರಡೂ ಸೇರಿ ನೋಡುವುದಿಲ್ಲ. ಮೆಟ್ಟಿಲಲ್ಲಿ, ರಸ್ತೆ ದಾಟುವಾಗ ಅಂದಾಜು ತಪ್ಪುತ್ತದೆ. "ಕೆಲವರಿಗೆ ಒಗ್ಗುತ್ತೆ. ಕೆಲವರಿಗೆ ಎಷ್ಟು ದಿನ ಆದ್ರೂ ಒಗ್ಗಲ್ಲ. ವಯಸ್ಸಾದ್ಮೇಲೆ ಪೊರೆ ಬಂದ್ರೆ ಆ ಕಣ್ಣಿಗೂ ಆಪರೇಷನ್ ಆಗ್ಲೇಬೇಕು. ನಾಳೇದು ಬೇಡ. ಸ್ವಲ್ಪ ದಿನ ನೋಡಿ. ತಾರೀಕಿಗೆ ಫೋನ್ ಮಾಡಿಸ್ತೀನಿ."

ಕನ್ನಡಿ ಮುಂದೆ ನಿಂತು ಹಾಕಿಕೊಂಡರು. ಸ್ವಲ್ಪ ಬಲಕ್ಕೆ ಸರಿದಿತ್ತು. ಕೈ ತಾನಾಗಿ ಹೋಯಿತು, ಸರಿ ಮಾಡಿದೆ. ಸುಮ್ಮನೆ ಮಾಡಿಸಿಕೊಂಡರು. ಈಗ ಅವರ ಹಣೆಯ ಮೇಲೆ ನನ್ನದೂ ಒಂದು ಕೂದಲಿದೆ.

ಹೊರಗೆ ಇವರು, "ಬೈದ್ರಾ?" ಅಂದರು. ಇಲ್ಲ ಅಂದೆ. ಮತ್ತೇನೂ ಹೇಳಲಿಲ್ಲ, ಗಂಡನಿಗೂ.

ಮಾರ್ಚ್ 12, ಬುಧವಾರ

ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತೇನೆ. ಅಮ್ಮಾವ್ರು ಕಡಲ್ಗಳ್ಳಿ ಅನ್ನುತ್ತಾರೆ. ಎಡಗಣ್ಣಿಗೆ ಪಾಠ — ಮೊದಲು ಮೀಸೆ, ಆಮೇಲೆ ಹುಬ್ಬು. ಕೈ ಒಂದು ಕಡೆ, ಕಣ್ಣು ಒಂದು ಕಡೆ. ಹೊಸದಾಗಿ ಕೆಲಸ ಕಲಿತ ದಿನಗಳಲ್ಲೂ ಇಷ್ಟು ಬಿಚ್ಚಿರಲಿಲ್ಲ.

ಮೆಷಿನ್ ಪೀಸ್ ಬಂದಿದೆ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿದೆ. ಇಬ್ಬರೂ ಅದನ್ನು ನೋಡದ ಹಾಗೆ ಓಡಾಡುತ್ತೇವೆ.

ಮಾರ್ಚ್ 15, ಶನಿವಾರ

ಮೆಟ್ಟಿಲು ತಪ್ಪಿತು. ಕೊನೆಯದು ಮುಗಿಯಿತು ಅಂದುಕೊಂಡೆ, ಇನ್ನೊಂದಿತ್ತು. ಪಾದ ಉಳುಕಿದೆ. ಇವರು ಐಸ್ ಇಟ್ಟು, "ಮಾಡಿಸ್ಕೊಂಡುಬಿಡೇ," ಅಂದರು. ಮೊದಲ ಸಲ ಹಾಗಂದರು. ದನಿಯಲ್ಲಿ ಹೆದರಿಕೆ ಇತ್ತು. ಒಂದು ಗೇಣು ದೂರ ಸಾಕಲ್ಲವೇ ಅಂತ ನನಗೂ ಅನ್ನಿಸಿತು. ಅಷ್ಟು ದೂರಕ್ಕೆ ಜಾಲರಿ ಹಿಡಿದು ಊಹಿಸಿ ನೋಡಿದೆ. ಭಾರಿ ದೂರ.

ತಲೆನೋವು.

ಮಾರ್ಚ್ 24, ಸೋಮವಾರ. ಅಂಗಡಿಯಲ್ಲಿ, ಮಧ್ಯಾಹ್ನ

ಬೆಳಗ್ಗೆ ಅಮ್ಮಾವ್ರು ಒಂದು ತಲೆ ತಂದು ಮುಂದಿಟ್ಟರು. ಹಣೆಯ ಭಾಗ ಖಾಲಿ. "ಮೆಷಿನ್‌ದು ಹಾಕ್ಲಾ, ನೀನು ಕಟ್ತೀಯಾ?" ಅಂದರು. ದನಿ ಎಷ್ಟು ಸಾಮಾನ್ಯ ಮಾಡಿಕೊಂಡರೂ ಕೈ ಚೀಲದ ಮೇಲೇ ಇತ್ತು.

"ಕಟ್ತೀನಿ," ಅಂದೆ.

ಬೆಳಗ್ಗಿನಿಂದ ಬಗ್ಗಿದ್ದೇನೆ. ಮೊದಲ ಸಾಲು ಬಿಚ್ಚಿದೆ. ಎರಡನೆಯ ಸಲ ನಿಂತಿತು. ವಾಲಿಲ್ಲ. ಅಮ್ಮಾವ್ರು ಬಂದು ಬೆಳಕಿಗೆ ಹಿಡಿದರು, ತಿರುಗಿಸಿದರು, ಉಗುರಿನಿಂದ ಒಂದು ಕೂದಲು ಮೀಟಿದರು. ಇಟ್ಟರು. ಹೋಗುವಾಗ ಪ್ಲಾಸ್ಟಿಕ್ ಚೀಲ ಕಪಾಟಿನ ಮೇಲೆ ಎತ್ತಿಟ್ಟರು. ಎಸೆಯಲಿಲ್ಲ, ಎತ್ತಿಟ್ಟರು.

ಆಗಲೇ ಫೋನು. ಆಸ್ಪತ್ರೆಯ ಹುಡುಗಿ, ಅದೇ ಜೇನಿನ ದನಿ. "ಮೇಡಂ, ಎಡಗಣ್ಣಿಗೆ ತಾರೀಕು ಕೊಡ್ಲಾ?"

ಪಾದ ಇನ್ನೂ ನೋಯುತ್ತಿದೆ. ಇವತ್ತೂ ರಸ್ತೆ ದಾಟಲು ಯಾರದೋ ಹಿಂದೆ ಹಿಂದೆ ಬಂದೆ. ಬೇಡ ಅಂದರೆ ಇನ್ನೆಷ್ಟು ವರ್ಷ ಹೀಗೆ? ಬೇಕು ಅಂದರೆ ನಾಳೆಯಿಂದ ಏನು? ಅವಳು ಹಲೋ ಹಲೋ ಅನ್ನುತ್ತಿದ್ದಳು.

"ಬೇಡಮ್ಮ," ಅಂದೆ. "ಆ ಕಣ್ಣು ಕೆಲಸದಲ್ಲಿದೆ."

ಅವಳಿಗೆ ಏನು ಅರ್ಥವಾಯಿತೋ. ಹಾಗೇ ಬರ್ಕೊಳ್ಲಾ ಮೇಡಂ ಅಂದಳು. ಹಾಗೇ ಬರ್ಕೋ ಅಂದೆ.

ಫೋನಿಟ್ಟು ಇಷ್ಟು ಬರೆದೆ. ಸಾಲು ಅರ್ಧ ಉಳಿದಿದೆ. ಕಿಟಕಿಯ ಬಿಸಿಲು ಮೇಜಿನ ಅಂಚಿಗೆ ಸರಿದಿದೆ, ಅದು ಹೋಗುವುದರೊಳಗೆ ಮುಗಿಸಬೇಕು.